ಒಂದು ಗುಂಟೆ ಕಾಸ್ಮಾಸು, ಹನ್ನೆರಡು ಬಲ್ಬು

"ಏನವ್ವಾ, ಇಷ್ಟೊಂದು ಸಬ್ಬಸಿಗೆ ಯಾರು ತಿಂತಾರೆ?" ಅಂತ ಅತ್ತೆ ಕೇಳಿದಾಗ ಗಿಡ ಇನ್ನೂ ಒಂದು ಗೇಣು ಎತ್ತರ ಇತ್ತು. ಅವರ ತಪ್ಪೇನಿಲ್ಲ. ಕಾಸ್ಮಾಸಿನ ಎಲೆ ನೋಡಿದರೆ ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ. ಅದೇ ಕೂದಲೆಳೆಯಂಥ ಎಲೆ, ಅದೇ ಮೆದು. ಒಂದು ಚಿವುಟಿ ಮೂಸಿ ನೋಡಿದರು. ಸಬ್ಬಸಿಗೆ ಘಮ ಬರಲಿಲ್ಲ.

"ಹೂವಿನ ಗಿಡ ಅತ್ತೆ."

"ಕಟ್ಟೋ ಹೂವಾ?"

"ಕಟ್ಟೋಕಾಗಲ್ಲ. ದಳ ತೀರಾ ತೆಳು."

"ಮುಡಿಯೋಕೆ?"

"ಅದಕ್ಕೂ ಆಗಲ್ಲ."

"ಹೋಗಲಿ, ದೇವರಿಗೆ?"

ನಾನು ಸುಮ್ಮನಾದೆ. ಕಟ್ಟದ, ಮುಡಿಯದ, ದೇವರಿಗೂ ಏರಿಸದ ಹೂವನ್ನು ರಾಗಿ ಬೆಳೆಯೋ ಹೊಲದಲ್ಲಿ ಯಾಕೆ ಹಾಕಿದೆ ಅಂತ ಅವತ್ತು ಅತ್ತೆಗೆ ಹೇಳಲು ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ.

ನಮ್ಮದು ದೊಡ್ಡಬಳ್ಳಾಪುರ ತಾಲ್ಲೂಕು. ಮನೆ ಹಿಂದೇನೇ ಹೊಲ. ಸುತ್ತಮುತ್ತ ಗುಲಾಬಿಯ ಪಾಲಿಹೌಸ್‌ಗಳು ಬೇಕಾದಷ್ಟಿವೆ. ಅಂಥ ಒಂದರಲ್ಲಿ ನಾನು ಆರು ವರ್ಷ ಪ್ಯಾಕಿಂಗ್ ಹಾಲ್‌ನಲ್ಲಿ ಕೆಲಸ ಮಾಡಿದೆ. ಬೆಳಗ್ಗೆಯಿಂದ ಸಂಜೆವರೆಗೂ ಒಂದೇ ಕೆಲಸ. ಕಡ್ಡಿ ಅಳೆಯೋದು, 40 ಸೆಂಟಿಮೀಟರ್ ಒಂದು ಕಡೆ, 50 ಒಂದು ಕಡೆ, 60 ಇನ್ನೊಂದು ಕಡೆ ಜೋಡಿಸೋದು, 20 ಸೇರಿಸಿ ಬಂಚ್ ಕಟ್ಟೋದು. ಒಂದೇ ಗಿಡದ, ಒಂದೇ ಬಣ್ಣದ ಗುಲಾಬಿ. ಕಡ್ಡಿ ಒಂದು ಗೇಣು ಹೆಚ್ಚು ಉದ್ದ ಇದ್ದರೆ ಬೆಲೆಯೇ ಬೇರೆ. ಹೂವು ಎಷ್ಟೇ ಚೆನ್ನಾಗಿರಲಿ, ಕಡ್ಡಿ ಗಿಡ್ಡ ಆದರೆ ಮೂಲೆಗೆ ಹಾಕೋದು. ಇದು ನನ್ನ ಕೈಗೆ ಎಷ್ಟು ಅಭ್ಯಾಸ ಆಗಿತ್ತು ಅಂದರೆ, ಮನೆಯಲ್ಲಿ ಕೊತ್ತಂಬರಿ ಕಟ್ಟು ಬಿಚ್ಚಿದರೂ ಉದ್ದ ನೋಡಿ ಬೇರೆ ಬೇರೆ ಇಡುತ್ತಿದ್ದೆ.

ಅಲ್ಲಿಗೆ ಗುಲಾಬಿ ನೋಡಲು ಬೆಂಗಳೂರಿನಿಂದ ಹೂವಿನ ಅಲಂಕಾರ ಮಾಡುವ ಒಬ್ಬ ಹುಡುಗಿ ಬರುತ್ತಿದ್ದಳು. ಒಮ್ಮೆ ಅವಳು ಕೇಳಿದಳು: "ಅಕ್ಕಾ, ಗುಲಾಬಿ, ಜರ್ಬೆರಾ ಎಲ್ಲರ ಹತ್ತಿರಾನೂ ಸಿಗುತ್ತೆ. ಈಗಷ್ಟೇ ಹೊಲದಿಂದ ಕಿತ್ತು ತಂದ ಹಾಗೆ ಕಾಣೋ ಹೂವು ಬೇಕು. ಕಾಸ್ಮಾಸ್ ಬೆಳೆದುಕೊಡೋರು ಯಾರಾದ್ರೂ ಇದ್ದಾರಾ?" ಫೋನಿನಲ್ಲಿ ಚಿತ್ರ ತೋರಿಸಿದಳು. ಗುಲಾಬಿ ಬಣ್ಣ, ಬಿಳಿ, ಕಡು ಕೆನ್ನೇರಳೆ. ಎಂಟು ದಳ, ನಡುವೆ ಹಳದಿ ಬೊಟ್ಟು.

ಹಳದಿ ಕಾಸ್ಮಾಸನ್ನು ನಾವೆಲ್ಲ ನೋಡಿಯೇ ಇರುತ್ತೇವೆ. ಮಳೆಗಾಲ ಕಳೆದ ಮೇಲೆ ರಸ್ತೆ ಬದಿಯಲ್ಲಿ ತಾನಾಗೇ ಹುಟ್ಟಿ ಕಿತ್ತಳೆ, ಹಳದಿ ಹೂ ಬಿಡುತ್ತದಲ್ಲ, ಅದು. ಇವಳು ಕೇಳಿದ್ದು ಅದರ ಅಕ್ಕ, ಬಿಪಿನ್ನೇಟಸ್ ಜಾತಿ. ಎರಡರ ತವರೂ ಮೆಕ್ಸಿಕೋ ಕಡೆ. ಈ ಹೂವಿನ ಒಂದು ಗುಣ ನನಗೆ ಆಗಲೇ ಹಿಡಿಸಿತು. ಅದು ದೂರ ಪ್ರಯಾಣ ತಡೆಯುವುದಿಲ್ಲ. ದಳ ಉಜ್ಜಿದರೆ ಕಲೆ ಬೀಳುತ್ತದೆ. ಡಬ್ಬದಲ್ಲಿ ಒತ್ತಿ ತುಂಬೋಕಾಗಲ್ಲ. ಹೂದಾನಿಯಲ್ಲಿ ನಾಲ್ಕೈದು ದಿನ, ಹೆಚ್ಚೆಂದರೆ ಆರು. ಅಂದರೆ ದೂರದ ಊರಿನ ದೊಡ್ಡ ಬೆಳೆಗಾರರು ಇದಕ್ಕೆ ಕೈ ಹಾಕುವುದು ಕಷ್ಟ. ಬೆಂಗಳೂರಿಗೆ ಹತ್ತಿರ ಇರುವ ನನ್ನಂಥವಳು ಹಾಕಬಹುದು. ಲೆಕ್ಕ ಅಷ್ಟೇ.

2023ರ ನವೆಂಬರ್ 10ರ ಸುಮಾರಿಗೆ ಮೊದಲ ಬಿತ್ತನೆ. ಅರ್ಧ ಗುಂಟೆ. ಬೀಜ ಹೊರದೇಶದ ಪ್ಯಾಕೆಟ್ಟು. ಹಿಂದೆ ಏನೋ ಬರೆದಿತ್ತು. ಪಿಯುಸಿ ಓದುವ ಮಗಳು ಓದಿ ಹೇಳಿದಳು: ನಿಮ್ಮೂರಲ್ಲಿ ಕೊನೆಯ ಸಲ ಹಿಮ ಬಿದ್ದ ಮೇಲೆ ಬಿತ್ತಿ, ಗಿಡ ನಾಲ್ಕು ಅಡಿ ಬೆಳೆಯುತ್ತದೆ. ನಮ್ಮೂರಲ್ಲಿ ಹಿಮ ಯಾವತ್ತು ಬಿದ್ದಿತ್ತೋ! ನಗುತ್ತಲೇ ಬಿತ್ತಿದೆವು. ನಾಲ್ಕು ಅಡಿ ಅನ್ನೋದು ಮಾತ್ರ ತಲೆಯಲ್ಲಿ ಕೂತುಬಿಟ್ಟಿತು.

ಬೀಜ ಕಪ್ಪು ಸೂಜಿಯ ತುಂಡಿನ ಹಾಗಿರುತ್ತದೆ. ಆರೇಳು ದಿನಕ್ಕೆ ಮೊಳಕೆ ಬಂತು. ಏನೂ ತಕರಾರಿಲ್ಲ. ಅತ್ತೆ ಸಬ್ಬಸಿಗೆ ಅಂದಿದ್ದು ಆಗಲೇ. ಡಿಸೆಂಬರ್ ನಡುವಿಗೆ ಗಿಡ ಒಂದಡಿ ಇರಲಿಲ್ಲ, ನೆತ್ತಿಯಲ್ಲಿ ಮೊಗ್ಗು! ಹೊಸ ವರ್ಷದ ಹೊತ್ತಿಗೆ ಇಡೀ ಮಡಿ ಹೂವು. ನೋಡಲು ಚೆಂದವೋ ಚೆಂದ. ಅಳತೆ ಕೋಲು ಹಿಡಿದರೆ ಕಡ್ಡಿ 20 ಸೆಂಟಿಮೀಟರ್, ತಪ್ಪಿದರೆ 25. ಪ್ಯಾಕಿಂಗ್ ಹಾಲ್ ಭಾಷೆಯಲ್ಲಿ ಹೇಳಬೇಕೆಂದರೆ ಎಲ್ಲವೂ ಕಸ. ನಮ್ಮ ಯಜಮಾನರು, "ಕುಂಡಕ್ಕೆ ಹಾಕಿ ಲಾಲ್‌ಬಾಗ್ ಪ್ರದರ್ಶನಕ್ಕೆ ಒಯ್ಯಿ, ಬಹುಮಾನ ಬರುತ್ತೆ" ಅಂದರು.

ನಾನು ಬೀಜಕ್ಕೆ ಬೈದೆ. ಆಮೇಲೆ ಮಣ್ಣಿಗೆ ಬೈದೆ. ನಮ್ಮದು ಕೆಂಪು ಮಣ್ಣು, ಸತ್ವ ಸಾಲದೇನೋ ಅಂತ ಉಳಿದ ಗಿಡಕ್ಕೆ ಯೂರಿಯಾ ಕೊಟ್ಟೆ. ಅದು ಎರಡನೇ ತಪ್ಪು. ಗಿಡ ಪಕ್ಕಕ್ಕೆ ಸೊಪ್ಪು ತುಂಬಿಕೊಂಡಿತು, ಕಾಂಡ ನೀರು ನೀರಾಯಿತು, ಒಂದು ಗಾಳಿಗೆ ಅರ್ಧ ಮಡಿ ಮಲಗಿತು. ಕಾಸ್ಮಾಸು ಬಡ ಮಣ್ಣಿನ ಗಿಡ. ಗೊಬ್ಬರ ಜಾಸ್ತಿ ಆದರೆ ಎಲೆ ಬೆಳೆಸಿಕೊಂಡು ಹೂವು ಮರೆಯುತ್ತದೆ. ಇದು ಆಮೇಲೆ ಗೊತ್ತಾಯಿತು.

ಗಿಡ ಯಾಕೆ ಗಿಡ್ಡ ಆಯಿತು ಅನ್ನೋದಕ್ಕೆ ಉತ್ತರ ಸಿಕ್ಕಿದ್ದು ಒಂದು ರಾತ್ರಿ, ಬಸ್ಸಿನ ಕಿಟಕಿಯಲ್ಲಿ. ಚಿಕ್ಕಬಳ್ಳಾಪುರದ ಕಡೆ ನೆಂಟರ ಮನೆಗೆ ಹೋಗಿ ಬರುತ್ತಿದ್ದೆವು. ಕತ್ತಲೆ ಹೊಲಗಳ ನಡುವೆ ಒಂದು ಹೊಲ ಪೂರ್ತಿ ಬಲ್ಬು. ಜಾತ್ರೆಯ ಹಾಗೆ. ಸೇವಂತಿಗೆ ಹೊಲಕ್ಕೆ ರಾತ್ರಿ ಲೈಟು ಹಾಕುತ್ತಾರೆ ಅಂತ ನನಗೆ ಗೊತ್ತೇ ಇತ್ತು. ವರ್ಷಗಳಿಂದ ನೋಡಿದ್ದೇನೆ. ಹುಳ ಹಿಡಿಯೋಕೆ ಇರಬೇಕು ಅಂದುಕೊಂಡಿದ್ದೆ! ನಮ್ಮ ಪಕ್ಕದ ಹೊಲದ ಅಣ್ಣ ಸೇವಂತಿಗೆ ಬೆಳೆಯುವವರೇ. ಮಾರನೇ ದಿನ ಹೋಗಿ ಕೇಳಿದೆ.

"ಗಿಡಕ್ಕೆ ರಾತ್ರಿ ಅನ್ನೋದು ಗೊತ್ತಾಗಬಾರದು ಕಣಮ್ಮ" ಅಂದರು ಅಣ್ಣ. "ರಾತ್ರಿ ದೊಡ್ಡದು ಅಂತ ಗೊತ್ತಾದ ತಕ್ಷಣ ಸೇವಂತಿಗೆ ಮೊಗ್ಗು ಹಿಡಿಯುತ್ತೆ. ಗಿಡ ಬೆಳೆಯೋದು ಅಲ್ಲಿಗೆ ನಿಂತಿತು. ಅದಕ್ಕೇ ನಡುರಾತ್ರಿ ಎಬ್ಬಿಸೋದು."

ಮನೆಗೆ ಬಂದು ಮಗಳಿಗೆ ಹೇಳಿದರೆ ಅವಳು ಜೀವಶಾಸ್ತ್ರದ ಪುಸ್ತಕ ತಂದು ಪುಟ ತೆಗೆದಳು. "ಅಮ್ಮ, ಇದು ಫೋಟೋಪೀರಿಯಾಡಿಸಂ. ಹಗಲು ರಾತ್ರಿಯ ಉದ್ದ ನೋಡಿ ಗಿಡ ಹೂ ಬಿಡೋದು. ನಾನು ಪರೀಕ್ಷೆಗೆ ಬರೆದಿದ್ದೀನಿ." ಬರೆದಿದ್ದಾಳಂತೆ. ಹಿತ್ತಲಲ್ಲಿ ಅದೇ ನಡೆಯುತ್ತಿದ್ದರೂ ಇಬ್ಬರಿಗೂ ಹೊಳೆದಿರಲಿಲ್ಲ. ಗಾರ್ನರ್ ಮತ್ತು ಅಲಾರ್ಡ್ ಅಂತ ಅಮೆರಿಕದ ಇಬ್ಬರು ವಿಜ್ಞಾನಿಗಳು 1920ರಲ್ಲಿ ಈ ವಿಷಯ ಹೊರಗೆ ತಂದರು. ತಂಬಾಕಿನ ಒಂದು ತಳಿ ಬೇಸಿಗೆಯಲ್ಲಿ ಹೂ ಬಿಡದೆ ಬರೀ ಬೆಳೆಯುತ್ತಲೇ ಇತ್ತು, ಅದು ಯಾಕೆ ಅಂತ ಹುಡುಕುತ್ತಾ ಹೋದವರು. ಅವರು ಪ್ರಯೋಗ ಮಾಡಿದ ಗಿಡಗಳಲ್ಲಿ ಕಾಸ್ಮಾಸೂ ಇತ್ತು.

ಸೇವಂತಿಗೆಯ ಹಾಗೆ ಕಾಸ್ಮಾಸೂ ಚಿಕ್ಕ ಹಗಲಿನ ಗಿಡ. ಹಗಲು ಹದಿನಾಲ್ಕು ಗಂಟೆಗಿಂತ ಹೆಚ್ಚಿರುವ ಬೇಸಿಗೆಯ ದೇಶಗಳಲ್ಲಿ ಅದು ಆರಾಮಾಗಿ ಬೆಳೆದು, ದಿನ ಚಿಕ್ಕದಾಗುತ್ತಾ ಬಂದಂತೆ ಹೂ ಬಿಡುತ್ತದೆ. ಜಪಾನಿನಲ್ಲಿ ಇದಕ್ಕೆ ಶರತ್ಕಾಲದ ಚೆರ್ರಿ ಅಂತಲೇ ಹೆಸರು. ನಮ್ಮಲ್ಲಿ? ಬೆಂಗಳೂರಿನ ಸುತ್ತ ಜೂನ್ 21ರ ಅತಿ ದೊಡ್ಡ ಹಗಲೂ ಹದಿಮೂರು ಗಂಟೆ ಮುಟ್ಟುವುದಿಲ್ಲ. ಡಿಸೆಂಬರಿನಲ್ಲಂತೂ ಹನ್ನೊಂದೂವರೆ ಗಂಟೆಗೂ ಕಮ್ಮಿ. ನಾನು ಬಿತ್ತಿದ್ದು ಸರಿಯಾಗಿ ಆ ಹೊತ್ತಿಗೆ. ನಾಲ್ಕೆಲೆ ಬರುವಷ್ಟರಲ್ಲಿ ಗಿಡಕ್ಕೆ "ಆಯ್ತು, ಕಾಲ ಮುಗೀತು, ಬೇಗ ಹೂ ಬಿಡು" ಅನ್ನಿಸಿಬಿಟ್ಟಿದೆ. ಪಾಪ, ಅದಕ್ಕೆ ದೊಡ್ಡಬಳ್ಳಾಪುರ ಅಂತ ಏನು ಗೊತ್ತು.

ಹಾಗಾಗಿ ಎರಡನೇ ಬಿತ್ತನೆ ಜೂನಿಗೆ. 2024ರ ಜೂನ್ 5. ಈ ಸಲ ಒಂದು ಗುಂಟೆ, ಸುಮಾರು 600 ಗಿಡ. ಸೆನ್ಸೇಷನ್ ಅನ್ನುವ ಹಳೆಯ ಎತ್ತರದ ತಳಿ, ಜೊತೆಗೆ ಕಟ್ ಫ್ಲವರಿಗೆ, ಅಂದರೆ ಕಡ್ಡಿ ಸಮೇತ ಕೊಯ್ದು ಮಾರೋದಕ್ಕೆ ಅಂತಲೇ ಮಾಡಿದ ವರ್ಸೇಲ್ಸ್. ಸೊನಾಟಾ ಅಂತ ಇನ್ನೊಂದು ಸಿಗುತ್ತದೆ. ಅದು ಹುಟ್ಟಿನಿಂದಲೇ ಗಿಡ್ಡ, ಕುಂಡಕ್ಕೆ ಸರಿ. 98 ಗುಂಡಿಯ ಟ್ರೇಗೆ ಕೊಕೊಪಿಟ್ (ತೆಂಗಿನ ನಾರಿನ ಪುಡಿ) ತುಂಬಿ, ಗುಂಡಿಗೊಂದು ಬೀಜ. ಮೂರು ವಾರಕ್ಕೆ ಸಸಿ ಸಿದ್ಧ. ಏರುಮಡಿ ಮಾಡಿ, ಕೊಟ್ಟಿಗೆ ಗೊಬ್ಬರ ಹದವಾಗಿ ಹಾಕಿ, ಡ್ರಿಪ್ ಎಳೆದು, ಒಂದೊಂದು ಅಡಿಗೆ ಒಂದು ಗಿಡ ನೆಟ್ಟೆ. ಯೂರಿಯಾ ಚೀಲ ಅಟ್ಟದ ಮೇಲೆ.

ಲೈಟಿಗೆ ಮನೆಯಿಂದಲೇ ವೈರು ಎಳೆಸಿದೆ. ಹೊಲ ಹಿಂದೇನೇ ಇರೋದರಿಂದ ತೊಂದರೆ ಆಗಲಿಲ್ಲ. 9 ವ್ಯಾಟಿನ ಎಲ್‌ಇಡಿ ಬಲ್ಬು ಹನ್ನೆರಡು, ನೀಲಗಿರಿ ಗೂಟ ನೆಟ್ಟು ಆಳೆತ್ತರಕ್ಕೆ ತೂಗುಹಾಕಿದೆವು. ಹಳದಿ ಬೆಳಕಿನದ್ದನ್ನೇ ತಗೋ ಅಂತ ಅಣ್ಣ ಹೇಳಿದ್ದರು. ಬಿಳಿ ಬೆಳಕಿಗಿಂತ ಅದರಲ್ಲಿ ಕೆಂಪಿನ ಅಂಶ ಜಾಸ್ತಿ, ಗಿಡ ಗಮನಿಸುವುದು ಆ ಕೆಂಪನ್ನು. ಟೈಮರ್ ಹಾಕಿ ರಾತ್ರಿ ಹತ್ತರಿಂದ ಎರಡರವರೆಗೆ ಉರಿಸಿದೆ. ಇದರಲ್ಲಿ ನನಗೆ ಬಹಳ ಮಜಾ ಅನ್ನಿಸಿದ್ದು ಒಂದು ವಿಷಯ. ಗಿಡ ಲೆಕ್ಕ ಹಾಕೋದು ಹಗಲನ್ನಲ್ಲವಂತೆ, ಒಂದೇ ಸಮ ಇರುವ ಕತ್ತಲೆಯನ್ನು. ಸಂಜೆಯಿಂದ ಬೆಳಗಿನವರೆಗೂ ಉರಿಸಬೇಕಾಗಿಲ್ಲ. ನಡುವೆ ಕತ್ತಲೆಯನ್ನು ಎರಡು ತುಂಡು ಮಾಡಿದರೆ ಸಾಕು, ಅದು ಎರಡು ಪುಟ್ಟ ರಾತ್ರಿ ಅಂದುಕೊಳ್ಳುತ್ತದೆ.

ಯಜಮಾನರಿಗೆ ಕರೆಂಟ್ ಬಿಲ್ಲಿನ ಚಿಂತೆ. ಕೂತು ಲೆಕ್ಕ ಹಾಕಿದೆವು. ಹನ್ನೆರಡು ಬಲ್ಬು, ನಾಲ್ಕು ಗಂಟೆ, ಮೂವತ್ತು ದಿನ. ಸುಮಾರು ಹದಿಮೂರು ಯೂನಿಟ್ಟು. "ಅಷ್ಟೇನಾ?" ಅಂದರು. ಅಷ್ಟೇ. ಊರಿನವರ ಕುತೂಹಲದ ಬಿಲ್ಲೇ ಜಾಸ್ತಿ ಬಂತು. ರಾತ್ರಿ ಹತ್ತಕ್ಕೆ ಟಪ್ ಅಂತ ಹೊಲ ಬೆಳಗಿದರೆ ದಾರಿಯಲ್ಲಿ ಹೋಗುವವರೆಲ್ಲ ನಿಂತು, "ಮದುವೆ ಏನಾದ್ರೂ ಇದೆಯಾ?" ಅಂತ ಕೇಳೋರು. ಆಷಾಢದಲ್ಲಿ ಯಾವ ಮದುವೆ!

ಜುಲೈ ನಡುವೆ ಗಿಡ ಒಂದಡಿ ದಾಟಿತು. ಈಗ ಕುಡಿ ಚಿವುಟಬೇಕು. ನನಗೆ ಕೈ ಬರಲಿಲ್ಲ. ಕಡ್ಡಿ ಉದ್ದ ಬೇಕು ಅಂತ ಲೈಟು ಹಾಕಿ ಬೆಳೆಸಿ, ಈಗ ತಲೆ ಮುರಿ ಅಂದರೆ? ಅತ್ತೆಗೆ ಅಂಥ ಅಳುಕಿಲ್ಲ. ಸೇವಂತಿಗೆಯಲ್ಲಿ ಜೀವಮಾನ ಇಡೀ ಇದೇ ಕೆಲಸ ಮಾಡಿದವರು. ಸಾಲು ಹಿಡಿದು ಹೊರಟರು, ಬುಡದಿಂದ ನಾಲ್ಕೈದು ಜೊತೆ ಎಲೆ ಬಿಟ್ಟು ನೆತ್ತಿ ಚಿವುಟುತ್ತಾ. "ಒಂದು ಕಡ್ಡಿಗೆ ಅಳ್ತೀಯ, ಹತ್ತು ಬರುತ್ತೆ ಬಿಡು." ಒಂದೂವರೆ ಗಂಟೆಯಲ್ಲಿ 600 ಗಿಡ ಮುಗಿಸಿದರು. ಹತ್ತು ದಿನದಲ್ಲಿ ಪ್ರತಿ ಎಲೆಯ ಕಂಕುಳಿಂದ ಕವಲು ಬಂತು. ಎಲ್ಲ ನೆಟ್ಟಗೆ, ಪೆನ್ಸಿಲ್ಲಿನ ಹಾಗೆ.

ಜುಲೈ 31ರ ರಾತ್ರಿ ಕೊನೆಯ ಸಲ ಲೈಟು. ಆ ಹೊತ್ತಿಗೆ ಗಿಡ ಸೊಂಟದವರೆಗೆ ಬಂದಿತ್ತು. ಲೈಟು ನಿಜವಾಗಿ ಕೆಲಸ ಮಾಡಿತೋ, ಇಲ್ಲ ಜೂನಿನ ಮಳೆಯ ಪುಣ್ಯವೋ ಅಂತ ಅನುಮಾನ ಇತ್ತು. ಅದನ್ನು ಬಗೆಹರಿಸಿದ್ದು ಈಶಾನ್ಯದ ಮೂಲೆ. ಅಲ್ಲಿ ಒಂದು ಹೋಲ್ಡರ್ ಶುರುವಿನಲ್ಲೇ ಕೆಟ್ಟಿತ್ತು, ಸರಿ ಮಾಡೋಣ ಅಂತ ಬಿಟ್ಟೇಬಿಟ್ಟಿದ್ದೆ. ಆ ಮೂಲೆಯ ಮೂವತ್ತು ನಲವತ್ತು ಗಿಡ ಮೊಣಕಾಲೆತ್ತರಕ್ಕೇ ನಿಂತು, ಉಳಿದವಕ್ಕಿಂತ ಮೂರು ವಾರ ಮೊದಲೇ ಹೂ ಬಿಟ್ಟವು. ಅದೇ ಬೀಜ, ಅದೇ ಮಣ್ಣು, ಅದೇ ನೀರು. ಮಗಳು ಅಲ್ಲಿ ನಿಂತು ಫೋಟೋ ತೆಗೆದು ಕಾಲೇಜಿನಲ್ಲಿ ತೋರಿಸಿ ಬಂದಳು.

ಎತ್ತರ ಆದರೆ ಬೀಳುತ್ತದೆ. ಕಾರ್ನೇಷನ್ ಬೆಳೆಯುವವರು ಬಳಸುವ ಚೌಕದ ಬಲೆ ತಂದು ಮಡಿಯ ಮೇಲೆ ಅಡ್ಡಲಾಗಿ ಹಾಸಿ, ಒಂದೂವರೆ ಅಡಿ ಎತ್ತರಕ್ಕೆ ಗೂಟಕ್ಕೆ ಬಿಗಿದೆ. ಗಿಡ ಬಲೆಯ ಕಣ್ಣಿನಲ್ಲಿ ತೂರಿಕೊಂಡು ಬೆಳೆಯುತ್ತದೆ. ಇದನ್ನು ಗಿಡ ಚಿಕ್ಕದಿದ್ದಾಗಲೇ ಹಾಕಬೇಕು. ನಾನು ಎರಡು ಮಡಿಗೆ ತಡ ಮಾಡಿದೆ, ಆಮೇಲೆ ತೂರಿಸುವಾಗ ಕವಲು ಪಟಪಟ ಮುರಿದವು. ಹೇನು ಬಂತು, ಬೇವಿನೆಣ್ಣೆ ಹೊಡೆದೆ. ಕೆಳಗಿನ ಎಲೆಗೆ ಬೂದಿ ರೋಗ ಬಂತು, ಎಲೆ ಕಿತ್ತು ಹಾಕಿದೆ. ಅದರಲ್ಲಿ ಹೇಳುವಂಥದ್ದೇನಿಲ್ಲ.

ಆಗಸ್ಟ್ 29ಕ್ಕೆ ಮೊದಲ ಕೊಯ್ಲು. ಅಳೆದೆ. 60 ಸೆಂಟಿಮೀಟರ್! ಕೆಲವು 70. ಪ್ಯಾಕಿಂಗ್ ಹಾಲ್‌ನಲ್ಲಿ ಜೊತೆಗಿದ್ದ ಗೆಳತಿಗೆ ಅಳತೆ ಕೋಲಿನ ಸಮೇತ ಫೋಟೋ ಕಳಿಸಿದೆ. ಅವಳು ಬರೀ "60!!" ಅಂತ ಬರೆದಳು. ನಮ್ಮಿಬ್ಬರ ನಡುವೆ ಅಷ್ಟು ಸಾಕು.

ಆಮೇಲಿನ ಪೆಟ್ಟು ಬೇರೆ ಕಡೆಯಿಂದ ಬಿತ್ತು. ಚೆನ್ನಾಗಿ ಅರಳಿದ, ಅಂಗೈ ಅಗಲದ ಹೂಗಳನ್ನೇ ಆರಿಸಿ ಮೂವತ್ತು ಬಂಚ್ ಕಳಿಸಿದೆ. ಮಾರನೇ ದಿನ ಫೋನು. ಸೀಮಂತದ ಊಟದ ಮೇಜಿನ ಮೇಲೆ ಇಟ್ಟಿದ್ದರಂತೆ. ಊಟ ಶುರುವಾಗೋ ಹೊತ್ತಿಗೆ ದಳ ಎಲ್ಲ ಪಾಯಸದ ಬಟ್ಟಲಿಗೆ ಉದುರಿವೆ. ಆ ಹುಡುಗಿ ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಅಕ್ಕಾ, ಜೇನು ಕೂತ ಹೂವು ಕೊಯ್ಯಬೇಡಿ" ಅಂದಳು ಅಷ್ಟೇ.

ಸರಿಯಾದ ಮಾತು. ಜೇನು ಬಂದು ಪರಾಗ ಮುಟ್ಟಿಸಿ ಹೋದರೆ ಆ ಹೂವಿನ ಕೆಲಸ ಮುಗಿಯಿತು. ಇನ್ನು ದಳ ಯಾಕೆ? ಉದುರಿಸಿ ಬೀಜ ಕಟ್ಟಲು ಹೊರಡುತ್ತದೆ. ಗುಲಾಬಿ ಪಾಲಿಹೌಸಿನೊಳಗೆ ಇಷ್ಟೊಂದು ಜೇನು ಎಲ್ಲಿತ್ತು? ನನಗೆ ಈ ತಲೆನೋವು ಹೊಸದು. ಅಲ್ಲಿಂದ ಮೊಗ್ಗಿನಲ್ಲೇ ಕೊಯ್ಯಲು ಶುರು ಮಾಡಿದೆ. ಬಣ್ಣ ಪೂರ್ತಿ ಬಂದಿರಬೇಕು, ಒಂದೆರಡು ದಳ ಮೇಲೆದ್ದಿರಬೇಕು, ಮಧ್ಯದ ಹಳದಿ ಕಾಣಬಾರದು. ನೀರಿನಲ್ಲಿಟ್ಟರೆ ಮಾರನೇ ದಿನ ತಾನಾಗೇ ಅರಳುತ್ತದೆ. ಹೊಲದಲ್ಲಿ ನಿಂತು ಅರಳದ ಹೂವನ್ನೇ ಕೊಯ್ಯೋದು ಎಷ್ಟು ಕಷ್ಟ ಅಂದರೆ, ಕಣ್ಣೆಲ್ಲ ಅರಳಿದ್ದರ ಕಡೆಗೇ ಹೋಗುತ್ತದೆ. ಅರಳಿದ್ದನ್ನೂ ಬಿಡುವ ಹಾಗಿಲ್ಲ. ಬೀಜ ಕಟ್ಟಲು ಬಿಟ್ಟರೆ ಗಿಡ ಹೊಸ ಮೊಗ್ಗು ನಿಲ್ಲಿಸುತ್ತದೆ. ಹಾಗಾಗಿ ಒಂದು ಬಕೆಟ್ಟಿಗೆ ಮಾರುವ ಮೊಗ್ಗು, ಇನ್ನೊಂದು ಮಂಕರಿಗೆ ಎಸೆಯುವ ಹೂವು. ಎಸೆಯೋದರ ಅಂದವೇ ಜಾಸ್ತಿ.

ದಿನ ಬಿಟ್ಟು ದಿನ ಕೊಯ್ಲು. ಬೆಳಗ್ಗೆ ಐದೂವರೆಗೆ ಹೊಲಕ್ಕೆ ಇಳಿದರೆ ಜೇನು ಏಳುವಷ್ಟರಲ್ಲಿ ಅರ್ಧ ಮುಗಿದಿರುತ್ತದೆ. ಕಡ್ಡಿಯನ್ನು ಕವಲಿನ ಬುಡಕ್ಕೆ, ಒಂದು ಜೊತೆ ಎಲೆ ಉಳಿಸಿ ಕತ್ತರಿಸಬೇಕು. ಆ ಎಲೆಯಿಂದಲೇ ಮುಂದಿನ ಕಡ್ಡಿ. ಕೈಯಲ್ಲಿ ಹಿಡಿದುಕೊಂಡು ಓಡಾಡಬಾರದು, ಆಗಿಂದಾಗಲೇ ನೀರಿಗೆ. ಕೆಳಗಿನ ಎಲೆ ಪೂರ್ತಿ ಸವರಬೇಕು, ಇಲ್ಲದಿದ್ದರೆ ಬಕೆಟ್ಟಿನ ನೀರು ಒಂದೇ ದಿನಕ್ಕೆ ನಾರುತ್ತದೆ. ಆಮೇಲೆ ನಾಲ್ಕೈದು ಗಂಟೆ ತಂಪಿನಲ್ಲಿ ಇಟ್ಟು ನೀರು ಕುಡಿಸಬೇಕು.

ತಂಪಿಗೆ ಕೋಲ್ಡ್ ರೂಮ್ ಎಲ್ಲಿಂದ ತರೋದು? ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ತರಕಾರಿಗೆ ಅಂತ ಮಾಡಿದ ಇಟ್ಟಿಗೆ ತೊಟ್ಟಿಯ ಉಪಾಯ ಇದೆ. ಎರಡು ಸುತ್ತು ಇಟ್ಟಿಗೆ ಗೋಡೆ, ನಡುವೆ ಮರಳು, ಮರಳಿಗೆ ದಿನಾ ನೀರು. ಮಡಕೆ ನೀರು ತಣ್ಣಗಾಗುವ ಹಾಗೆಯೇ. ಹಿತ್ತಲಲ್ಲಿ ಕಟ್ಟಿದೆ. ಬೇಸಿಗೆಯಲ್ಲಿ ಸೊಗಸಾಗಿ ಕೆಲಸ ಮಾಡುತ್ತದೆ. ನನ್ನ ಕೊಯ್ಲು ಮಾತ್ರ ಮಳೆಗಾಲದ್ದು. ಗಾಳಿಯಲ್ಲೇ ತೇವ ತುಂಬಿರುವಾಗ ಮರಳು ಆರುವುದೇ ಇಲ್ಲ, ಇನ್ನು ತಂಪೆಲ್ಲಿ? ಕೊನೆಗೆ ಬಚ್ಚಲು ಮನೆಯ ನೆಲವೇ ವಾಸಿ ಅನ್ನಿಸಿತು. ತೊಟ್ಟಿಯಲ್ಲಿ ಈಗ ಆಲೂಗಡ್ಡೆ ಇದೆ.

ಮಾರಾಟಕ್ಕೆ ಮೊದಲು ಕೆ.ಆರ್. ಮಾರುಕಟ್ಟೆಗೇ ಹೋಗಿದ್ದೆ. ಹೂವು ಅಂದ ಮೇಲೆ ಅಲ್ಲಿಗೆ ಹೋಗದೆ ಇನ್ನೆಲ್ಲಿಗೆ ಅಲ್ವಾ? ಬೆಳಗಿನ ಜಾವ ನಾಲ್ಕಕ್ಕೆ ಅಲ್ಲಿ ಚೆಂಡು ಹೂವಿನ ರಾಶಿ, ಸೇವಂತಿಗೆ ಮೂಟೆ, ಕನಕಾಂಬರ, ಮಲ್ಲಿಗೆ. ನನ್ನ ಬಕೆಟ್ ನೋಡಿ ಒಬ್ಬರು ವ್ಯಾಪಾರಿ ಕೇಳಿದರು, "ಇದು ಕೆಜಿಗೆ ಎಷ್ಟು ತೂಗುತ್ತೆ ಅಕ್ಕಾ?" ಕಾಸ್ಮಾಸಿನ ಹೂವು ತೂಗಲು ಹೋದರೆ ಗಾಳಿ ತೂಗಿದ ಹಾಗೆ. "ಕಡ್ಡಿ ಲೆಕ್ಕ ಅಣ್ಣ" ಅಂದೆ. "ಕಡ್ಡಿ ಏನು ಮಾಡೋದು, ಹಸುಗೆ ಹಾಕೋದಾ?" ಅಂದು ನಕ್ಕರು. ಕೆಟ್ಟ ಮನಸ್ಸಿನ ನಗು ಅಲ್ಲ. ಚಹಾ ಕೂಡ ಕೊಡಿಸಿದರು. ಅತ್ತೆ ಕೇಳಿದ ಅದೇ ಮೂರು ಪ್ರಶ್ನೆ ಅವರೂ ಕೇಳಿದರು. ಕಟ್ಟೋಕಾಗುತ್ತಾ, ಮುಡೀತಾರಾ, ದೇವರಿಗಾ?

ಹಾಗಾಗಿ ಅಲಂಕಾರದವರೇ ಗತಿ. ಆ ಹುಡುಗಿಯ ಮೂಲಕ ಇನ್ನಿಬ್ಬರು ಸಿಕ್ಕರು. ಮಲ್ಲೇಶ್ವರದಲ್ಲಿ ಒಬ್ಬರು, ಸಹಕಾರ ನಗರದಲ್ಲಿ ಒಬ್ಬರು. ಹತ್ತು ಕಡ್ಡಿಯ ಬಂಚಿಗೆ 50 ರೂಪಾಯಿಯ ಆಸುಪಾಸು. ಬಸ್ಸಿನಲ್ಲಿ ಮೂರು ಬಕೆಟ್ ಹೂವು, ಅರ್ಧ ಬಕೆಟ್ ನೀರು. ಕಂಡಕ್ಟರು ಲಗೇಜ್ ಟಿಕೆಟ್ ಹರಿದುಕೊಟ್ಟು, "ನೀರು ಚೆಲ್ಲಿದ್ರೆ ನೀವೇ ಒರೆಸಬೇಕು ಮೇಡಂ" ಅಂದರು. ಎರಡು ಸಲ ಒರೆಸಿದ್ದೇನೆ.

ಲೈಟಿನ ಲೆಕ್ಕ, ಕಡ್ಡಿಯ ಲೆಕ್ಕ ಎಲ್ಲ ಹಾಕಿದ ನಾನು ಪಂಚಾಂಗ ಒಂದನ್ನು ತೆಗೆದು ನೋಡಿರಲಿಲ್ಲ. ಆ ವರ್ಷ ಗಣೇಶನ ಹಬ್ಬ ಸೆಪ್ಟೆಂಬರ್ 7. ಅಲ್ಲಿಯವರೆಗೂ, ಆಮೇಲೆ ಒಂದು ವಾರವೂ, ಕೇಳಿದಷ್ಟು ಹೋಯಿತು. ಹೊಲದಲ್ಲಿ ಹೂವು ಉಕ್ಕಿ ಬಂದಿದ್ದು 18ರ ಮೇಲೆ. ಅವತ್ತಿನಿಂದ ಪಿತೃಪಕ್ಷ! ಹದಿನೈದು ದಿನ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ನಾಮಕರಣ ಇಲ್ಲ. ಮೂವರಲ್ಲಿ ಇಬ್ಬರು ಫೋನೇ ಮಾಡಲಿಲ್ಲ. ದಿನ ಬಿಟ್ಟು ದಿನ 400 ಕಡ್ಡಿ ಕೊಯ್ದು, ಅದರಲ್ಲಿ 300 ಗೊಬ್ಬರದ ಗುಂಡಿಗೆ. ಕೊಯ್ಯದೆ ಬಿಡೋ ಹಾಗೂ ಇಲ್ಲ, ಬೀಜ ಕಟ್ಟಿಬಿಡುತ್ತದೆ. ಆ ಹದಿನೈದು ದಿನ ನಾನು ಮನೆಯಲ್ಲಿ ಯಾರ ಜೊತೆಯೂ ನೆಟ್ಟಗೆ ಮಾತಾಡಲಿಲ್ಲ. ಪಕ್ಕದ ಅಣ್ಣ ಸೇವಂತಿಗೆಯನ್ನು ಕರಾರುವಾಕ್ಕಾಗಿ ಆಯುಧ ಪೂಜೆಗೆ ಬರುವ ಹಾಗೆ ಲೈಟು ಆರಿಸಿದ್ದರು. ಲೈಟು ಇರುವುದೇ ಅದಕ್ಕಂತೆ. ಕಡ್ಡಿ ಉದ್ದ ಮಾಡೋದು ಒಂದು, ಹೂವು ಯಾವತ್ತು ಬರಬೇಕು ಅಂತ ನಾವೇ ತೀರ್ಮಾನ ಮಾಡೋದು ಇನ್ನೊಂದು. ನಾನು ಅರ್ಧ ಮಾತ್ರ ಕಲಿತಿದ್ದೆ.

ನವರಾತ್ರಿಯಲ್ಲಿ ಸ್ವಲ್ಪ ಚೇತರಿಸಿಕೊಂಡಿತು. ಗೊಂಬೆ ಕೂರಿಸುವ ಒಂದು ಮನೆಯವರು ವಾರ ಪೂರ್ತಿ ತಗೊಂಡರು. ಅಕ್ಟೋಬರ್ ನಡುವೆ ಹಿಡಿದ ಮಳೆ ಬೆಳೆಯನ್ನು ಮುಗಿಸಿತು. ಯಲಹಂಕದ ಅಪಾರ್ಟ್‌ಮೆಂಟಿನೊಳಗೆ ದೋಣಿ ಬಿಟ್ಟರಲ್ಲ, ಅದೇ ಮಳೆ. ಬಲೆ ಗೂಟ ಎಲ್ಲ ಸೇರಿ ಒಂದೇ ಕಡೆ ಮಲಗಿತು.

ನೋಟ್‌ಬುಕ್ಕಿನ ಲೆಕ್ಕ ಹೀಗಿದೆ. ಒಟ್ಟು ಸುಮಾರು 8,000 ಕಡ್ಡಿ ಕೊಯ್ದೆ. ಮಾರಿದ್ದು 540 ಬಂಚ್, ಅಂದರೆ 5,400. ಬಂದದ್ದು 27,000 ರೂಪಾಯಿ. ಬೀಜ, ಬಲೆ, ಗೂಟ, ವೈರು, ಟೈಮರ್, ಗೊಬ್ಬರ, ಬಸ್ಸು ಎಲ್ಲ ಸೇರಿ ಖರ್ಚು 15,200. ಉಳಿದದ್ದು 11,800. ನನ್ನ ಕೂಲಿ, ಅತ್ತೆಯ ಕೂಲಿ ಇದರಲ್ಲಿ ಸೇರಿಲ್ಲ. ಸೇರಿಸಿದರೆ ಪ್ಯಾಕಿಂಗ್ ಹಾಲ್ ಕೆಲಸವೇ ಲಾಭ. ಕಾಸ್ಮಾಸಿನಿಂದ ಲಕ್ಷ ಲಕ್ಷ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬಲೆ, ವೈರು, ಟೈಮರ್ ಮಾತ್ರ ಮುಂದಿನ ವರ್ಷಕ್ಕೂ ಬರುತ್ತವೆ, ಅದೊಂದು ಸಮಾಧಾನ.

ಬೀಜವನ್ನೂ ಎತ್ತಿಟ್ಟೆ. ಅದರಲ್ಲಿ ದೊಡ್ಡ ಭರವಸೆ ಇಡೋ ಹಾಗಿಲ್ಲ. ಜೇನು ಎಲ್ಲವನ್ನೂ ಬೆರೆಸಿರುತ್ತದೆ. ಬಿಳಿ ಗಿಡದ ಬೀಜ ಹಾಕಿದರೆ ಗುಲಾಬಿ ಬಣ್ಣ ಬರಬಹುದು. ಅಲಂಕಾರದವರು "ಬಿಳಿ ಮಾತ್ರ 20 ಬಂಚ್" ಅಂತ ಕೇಳುವಾಗ ಅದನ್ನು ನಂಬಿ ಒಪ್ಪಿಕೊಳ್ಳೋಕಾಗಲ್ಲ. ಹಾಗಾಗಿ 2025ಕ್ಕೆ ಬಿಳಿಗೆ ಹೊಸ ಪ್ಯಾಕೆಟ್ಟು, ಉಳಿದದ್ದಕ್ಕೆ ಮನೆ ಬೀಜ. ಬಿತ್ತುವ ಮುಂಚೆ ಗೋಡೆಯ ಕ್ಯಾಲೆಂಡರ್ ಇಳಿಸಿ ಹಾಸಿಗೆ ಮೇಲೆ ಹರಡಿಕೊಂಡೆ. ಗಣೇಶನ ಹಬ್ಬ ಆಗಸ್ಟ್ 27. ಪಿತೃಪಕ್ಷ ಸೆಪ್ಟೆಂಬರ್ 21ಕ್ಕೆ ಮುಗಿದು ಮಾರನೇ ದಿನವೇ ನವರಾತ್ರಿ. ಅರ್ಧ ಗುಂಟೆ ಮೇ ಮೂರನೇ ವಾರಕ್ಕೆ ಬಿತ್ತಿ ಗಣೇಶನಿಗೆ ಮುಂಚೆ ಬರುವ ಹಾಗೆ. ಇನ್ನರ್ಧ ಜೂನ್ ಕೊನೆಗೆ ಬಿತ್ತಿ, ಲೈಟು ಆಗಸ್ಟ್ 22ರವರೆಗೆ ಉರಿಸಿ, ನವರಾತ್ರಿಗೆ. ಪಕ್ಕದ ಅಣ್ಣ ನೋಡಿ, "ಈಗ ಸೇವಂತಿಗೆಯವಳ ಹಾಗೆ ಯೋಚನೆ ಮಾಡ್ತಿದ್ದೀಯಮ್ಮ" ಅಂದರು.

ಎರಡು ಬಿತ್ತನೆಯ ನಡುವೆ ಒಂದು ಮಡಿ ಖಾಲಿ ಇತ್ತು. ಅತ್ತೆ ನನಗೆ ಹೇಳದೆ ಅದರಲ್ಲಿ ನಿಜವಾದ ಸಬ್ಬಸಿಗೆ ಎರಚಿಬಿಟ್ಟರು. ಒಂದಷ್ಟು ಕಿತ್ತು ಪಲ್ಯ ಮಾಡಿದೆವು, ಅಕ್ಕಿ ರೊಟ್ಟಿಗೆ ಹಾಕಿದೆವು, ಉಳಿದದ್ದು ಬಲಿತು ಕೊಡೆ ಕೊಡೆಯಾಗಿ ಹಳದಿ ಹೂ ಬಿಟ್ಟಿತು. ಬೆಂಗಳೂರಿನ ಆ ಹುಡುಗಿ ಹೊಲ ನೋಡಲು ಬಂದವಳು ಕಾಸ್ಮಾಸಿನ ಮಡಿ ದಾಟಿ ಸೀದಾ ಅಲ್ಲಿಗೆ ಹೋದಳು. "ಅಕ್ಕಾ, ಇದೂ ಬೆಳೀತೀರಾ? ಕಾಸ್ಮಾಸ್ ಜೊತೆ ತುಂಬೋಕೆ ಇದೇ ಬೇಕಿತ್ತು. ಬಂಚಿಗೆ 40 ಕೊಡ್ತೀನಿ."

ಅತ್ತೆ ಜಗಲಿ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. "ಬಲಿತ ಸಬ್ಬಸಿಗೆಗಾ?" ಅಂದರು. ಸೊಪ್ಪು ಹೂವಿಗೆ ಬಂದರೆ ದನಕ್ಕೆ ಹಾಕಿ ಅಭ್ಯಾಸ ಅವರಿಗೆ. ಮೊರ ಪಕ್ಕಕ್ಕಿಟ್ಟು ಎದ್ದು ಬಂದರು. "ಕಡ್ಡಿ ಎಷ್ಟುದ್ದ ಬೇಕಂತೆ, ಕೇಳು."